ವಿಷಯ: ದೊಡ್ಡ ಮಾನಿಟರ್ ಖರೀದಿಸುವ ಕುರಿತು

ಭಯಗಳಲ್ಲಿ ಮರ್ಯಾದೆಯುಳ್ಳವು ಕೆಲವು, ಇದ್ದ ಮರ್ಯಾದೆಯನ್ನೂ ಕಳೆಯುವವು ಕೆಲವು. ಹಾವೆಂದರೆ ಭಯ, ಆಪರೇಷನ್ ಎಂದರೆ ಭಯ ಎಂದು ಹೇಳಿ ನೋಡಿ. ಜನ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, 'ಹೌದಪ್ಪ, ನನಗೂ ಹಾಗೇ' ಎನ್ನುತ್ತಾರೆ. ವಿಮಾನವೆಂದರೆ ಭಯ ಎಂದು ಹೇಳಿ ನೋಡಿ. ಆ ಕಡೆ ತಿರುಗಿಕೊಂಡು ನಗುತ್ತಾರೆ. ಅದರಲ್ಲೂ ಹೇಳುವವನಿಗೆ ಐವತ್ತಾರು ವರ್ಷವಾಗಿದ್ದು, ಅವನು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದು, ಅವನ ಕೈಕೆಳಗೆ ಐದಾರು ಜನ ಗಡಗಡ ನಡುಗದಿದ್ದರೂ ಸ್ವಲ್ಪವಾದರೂ ನೆಟ್ಟಗೆ ಕೂರುವಂತಿದ್ದರೆ, ಹೇಳಿಕೊಳ್ಳುವುದು ಇನ್ನೂ ಕಷ್ಟ. ಹಾಗಾಗಿ ನಾನು ಯಾರಿಗೂ ಹೇಳಿರಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ, ಅಷ್ಟೇ. ನೀವು ಆ ಕಡೆ ತಿರುಗಿಕೊಂಡರೂ ನನಗೇನೂ ಕಾಣುವುದಿಲ್ಲ.

ಇಂಥವನ ಮನೆ ಎಲ್ಲಿರಬೇಕು ಹೇಳಿ? ದೆಹಲಿಯ ವಸಂತ್ ಕುಂಜ್‌ನಲ್ಲಿದೆ. ನಾನು ಆರಿಸಿಕೊಂಡು ಬಂದದ್ದಲ್ಲ, ಸರ್ಕಾರಿ ಫ್ಲ್ಯಾಟುಗಳ ಚೀಟಿ ಎತ್ತಿದಾಗ ನನ್ನ ಹೆಸರಿಗೆ ಬಂದದ್ದು. ಮನೆ ಬಂತೆಂದು ಮೈಸೂರ್ ಪಾಕ್ ಹಂಚಿ, ಸಾಮಾನು ಇಳಿಸುವಾಗ ತಲೆ ಎತ್ತಿ ನೋಡುತ್ತೇನೆ, ನೀರಿನ ಟ್ಯಾಂಕಿನ ಮೇಲಿಂದ ವಿಮಾನವೊಂದು ಹೊಟ್ಟೆ ತೋರಿಸಿಕೊಂಡು ಇಳಿಯುತ್ತಿದೆ! ಚಕ್ರ ಎಷ್ಟಿವೆ ಎಂದು ಎಣಿಸಬಹುದು. ಅಂದಿನಿಂದ ಇಂದಿನವರೆಗೆ ಗಾಳಿ ಬೀಸುವ ದಿಕ್ಕು ನೋಡಿಕೊಂಡು ಎರಡು ಮೂರು ನಿಮಿಷಕ್ಕೊಂದರಂತೆ ಇಳಿಯುತ್ತಲೇ ಇವೆ. ಸದ್ದು ಹತ್ತಿರ ಬಂದ ಕೂಡಲೇ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಕಣ್ಣು ಮುಚ್ಚುತ್ತೇನೆ. ಅದು ದೂರ ಹೋಗಿ ಕ್ಷೇಮವಾಗಿ ಇಳಿದಿರಬೇಕು ಅನ್ನಿಸಿದ ಮೇಲೆ ತೆರೆಯುತ್ತೇನೆ. ಕೆಳಗಿನ ಮನೆಯ ಶರ್ಮಾಜಿ ಇದನ್ನು ನೋಡಿ, ಮದ್ರಾಸಿ ಆದರೂ ಮೂರ್ತಿಜೀ ಬಹಳ ದೈವಭಕ್ತರು, ಮಾತಿನ ನಡುವೆಯೂ ಧ್ಯಾನ ಮಾಡುತ್ತಾರೆ ಎಂದು ಕಾಲೋನಿಯಲ್ಲೆಲ್ಲ ಹೇಳಿದ್ದಾರೆ. ನಾನು ಮದ್ರಾಸಿಯಲ್ಲ, ತುಮಕೂರಿನವನು ಎಂದು ಮಾತ್ರ ತಿದ್ದಿದ್ದೇನೆ. ಉಳಿದದ್ದನ್ನು ತಿದ್ದಲು ಹೋಗಿಲ್ಲ.

ನನ್ನ ಹೆಂಡತಿ ವತ್ಸಲಾಳಿಗೆ ಈ ಕಣ್ಣು ಮುಚ್ಚುವುದು ಎಷ್ಟು ಅಭ್ಯಾಸವಾಗಿದೆಯೆಂದರೆ, ನಾನು ಮುಚ್ಚಿದಾಗ ಅವಳು ಮಾತು ನಿಲ್ಲಿಸಿ, ತೆರೆದಾಗ ಬಿಟ್ಟ ಪದದಿಂದಲೇ ಮುಂದುವರಿಸುತ್ತಾಳೆ. ಇಪ್ಪತ್ತಾರು ವರ್ಷದಿಂದ ನಾವು ಊರಿಗೆ ಹೋಗಿ ಬರುವುದು ರೈಲಿನಲ್ಲೇ. ಎರಡು ರಾತ್ರಿ, ಒಂದು ಪೂರ್ತಿ ಹಗಲು. ಒಂದು ಡಬ್ಬಿಯಲ್ಲಿ ಪುಳಿಯೋಗರೆ, ಇನ್ನೊಂದರಲ್ಲಿ ಚಪಾತಿ, ಭೋಪಾಲಿನಲ್ಲಿ ಇಳಿದು ನೀರು ತುಂಬಿಸಿಕೊಂಡು ಬರುವುದು ನನ್ನ ಕೆಲಸ, ನಾನು ಹತ್ತುವವರೆಗೆ ಬಾಗಿಲಲ್ಲಿ ನಿಂತು 'ಸಾಕು ಬನ್ರೀ, ಹೊರಡತ್ತೆ' ಎಂದು ಕೂಗುವುದು ಅವಳ ಕೆಲಸ. 'ರೈಲಾದರೆ ದೇಶ ನೋಡಿದ ಹಾಗಾಗುತ್ತದೆ' ಎಂದು ನಾನು ಹೇಳುತ್ತಾ ಬಂದೆ. ಅದೇ ದೇಶವನ್ನು, ಅದೇ ಕಿಟಕಿಯಿಂದ, ವರ್ಷಕ್ಕೊಂದು ಸಲ. ಆಫೀಸಿನ ಟೂರ್ ಬಂದರೆ ಬೆನ್ನು ನೋವು ಬರುತ್ತಿತ್ತು. ಒಂದೇ ಬೆನ್ನು ಇಪ್ಪತ್ತಾರು ವರ್ಷ ಇಷ್ಟು ಸಮಯಕ್ಕೆ ಸರಿಯಾಗಿ ನೋಯುವುದು ಕಷ್ಟ, ಆದರೆ ಮೇಲಿನವರು ಪಾಪ ನಂಬಿದರು.

ಗುಟ್ಟು ಹಿಡಿದವಳು ಮಗಳು ಅನಘಾ. ಗುರುಗ್ರಾಮದ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ನಮ್ಮ ಜೊತೆಯೇ ಇದ್ದಾಳೆ. ದೆಹಲಿಯಲ್ಲೇ ಬೆಳೆದವಳು, ಅವಳ ಕನ್ನಡ ಮನೆಯ ಬಾಗಿಲಲ್ಲಿ ಹೊರಟು ಅರ್ಧ ದಾರಿಯಲ್ಲಿ ಹಿಂದಿಯ ಆಟೋ ಹತ್ತಿಬಿಡುತ್ತದೆ. ಒಂದು ಭಾನುವಾರ ಬಾಲ್ಕನಿಯಲ್ಲಿ ನಾನು ಕಾಫಿ ಲೋಟ ಹಿಡಿದು ಕಣ್ಣು ಮುಚ್ಚಿದ್ದಾಗ ಎದುರಿಗೆ ನಿಂತಿದ್ದಳಂತೆ. "ಅಪ್ಪಾ, ಇದು ಪೂಜೆ-ವೂಜೆ ಏನೂ ಅಲ್ಲ. ಯೂ ಆರ್ ಸ್ಕೇರ್ಡ್, ಯಾರ್!" ಎಂದಳು. ತಂದೆಗೆ ಯಾರ್ ಎನ್ನಬಾರದು ಎಂದು ನಾನು ವಿಷಯ ಬದಲಿಸಲು ನೋಡಿದೆ. ಅವಳು ಬಿಡಲಿಲ್ಲ. ತನ್ನ ಕಾಲೇಜು ದಿನಗಳ ಕಂಪ್ಯೂಟರಿಗೆ ವಿಮಾನ ಹಾರಿಸುವ ಆಟವೊಂದನ್ನು ಹಾಕಿಕೊಟ್ಟು, ನನ್ನ ಹುಟ್ಟುಹಬ್ಬಕ್ಕೆ ಹಿಡಿಯೊಂದನ್ನು ತಂದುಕೊಟ್ಟಳು. ಅದನ್ನು ಎಳೆದರೆ ವಿಮಾನ ಮೇಲಕ್ಕೆ, ತಳ್ಳಿದರೆ ಕೆಳಕ್ಕೆ. "ರೋಜ್ ಒಂದು ಗಂಟೆ ಓಡಿಸು ಅಪ್ಪಾ. ಏನೇನು ಆಗುತ್ತೆ ಅಂತ ಗೊತ್ತಾದ್ರೆ ಡರ್ ಹೋಗುತ್ತೆ. ಪ್ರಾಮಿಸ್." ಆಟ ಎಂದು ನಾನು ಹೇಳಿದೆ, ಅವಳ ಪ್ರಕಾರ ಅದು ಆಟವಲ್ಲ, ಅಭ್ಯಾಸ. ನಿಜವಾದ ವಿಮಾನದಲ್ಲಿ ಎಷ್ಟು ಗುಂಡಿಗಳಿವೆಯೋ ಇದರಲ್ಲೂ ಅಷ್ಟೂ ಇವೆ, ನಿಜವಾದ ಊರುಗಳು, ಬೆಟ್ಟಗಳು, ನದಿಗಳು ಅದೇ ಜಾಗದಲ್ಲಿವೆ.

ಮೊದಲ ತಿಂಗಳು ನಾನು ವಿಮಾನವನ್ನು ಎಲ್ಲೆಲ್ಲಿ ಇಳಿಸಿದೆ ಎಂದು ಕೇಳಬೇಡಿ. ಯಮುನೆಯಲ್ಲಿ ಇಳಿಸಿದೆ, ರಿಂಗ್ ರೋಡಿನಲ್ಲಿ ಇಳಿಸಿದೆ, ಒಮ್ಮೆ ನಮ್ಮ ಸಚಿವಾಲಯದ ಹತ್ತಿರ ಹತ್ತಿರಕ್ಕೂ ಹೋಗಿದ್ದೆ. ಆಮೇಲೆ ಕೈ ಕೂತಿತು. ರೆಕ್ಕೆಯ ಹಿಂಬದಿಯ ಹಲಗೆಗಳು ಯಾವಾಗ ಇಳಿಯಬೇಕು, ಚಕ್ರ ಯಾವಾಗ ಒಳಗೆ ಹೋಗಬೇಕು ಎಲ್ಲ ತಿಳಿಯಿತು. ಆದರೆ ಭಯ? ಅದು ಇದ್ದ ಜಾಗದಲ್ಲೇ ಕಾಲು ಮಡಚಿಕೊಂಡು ಕೂತಿತ್ತು. ಬಾಲ್ಕನಿಯಲ್ಲಿ ಸದ್ದು ಬಂದರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಯಾಕೆ ಹೀಗೆ ಎಂದು ಯೋಚಿಸಿದಾಗ ನನಗೆ ಹೊಳೆದದ್ದು ಮಾನಿಟರ್. ಮಗಳ ಹಳೆಯ ಮಾನಿಟರ್ ಹತ್ತೊಂಬತ್ತು ಇಂಚಿನದು. ಅದರಲ್ಲಿ ರನ್‌ವೇ ಬೆಂಕಿಕಡ್ಡಿಯಷ್ಟು ಕಾಣುತ್ತದೆ. ಕಿಟಕಿಯ ಹೊರಗೆ ನೋಡಿದರೆ ಎತ್ತರ, ವೇಗ ತೋರಿಸುವ ಗಡಿಯಾರಗಳು ಕಾಣುವುದಿಲ್ಲ, ಗಡಿಯಾರ ನೋಡಿದರೆ ನೆಲ ಎಲ್ಲಿದೆ ಗೊತ್ತಾಗುವುದಿಲ್ಲ. ನನ್ನ ಕನ್ನಡಕ ಬೇರೆ ಮೇಲೆ ದೂರಕ್ಕೆ, ಕೆಳಗೆ ಓದಲಿಕ್ಕೆ. ಪ್ರತಿ ಸಲ ಇಳಿಯುವಾಗಲೂ ಕೋಳಿ ನೀರು ಕುಡಿದ ಹಾಗೆ ಗದ್ದ ಎತ್ತಿ ಇಳಿಸಿ ಮಾಡಬೇಕು. ಇಷ್ಟು ಸಣ್ಣ ಪರದೆಯಲ್ಲಿ ಹಾರಿದರೆ ಇಷ್ಟು ದೊಡ್ಡ ಭಯ ಹೇಗೆ ಹೋದೀತು? ದೊಡ್ಡ ಮಾನಿಟರ್ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ತೀರ್ಮಾನಿಸಿದೆ.

ಇದೇ ಹೊತ್ತಿಗೆ ವತ್ಸಲಾಳ ತಮ್ಮ ಮೋಹನ ತುಮಕೂರಿನಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಕರೆದ. ವತ್ಸಲಾಳಿಗೆ ಎರಡು ವರ್ಷದಿಂದ ಮಂಡಿ ನೋವು. ಹೋದ ಸಲ ಊರಿಂದ ಬರುವಾಗ ರೈಲಿನಲ್ಲಿ ಕೂತಲ್ಲೇ ಕಾಲು ಹಿಡಿದುಕೊಂಡು, ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಇಳಿಯಲು ಇಬ್ಬರು ಆಧಾರ ಕೊಡಬೇಕಾಯಿತು. ಡಾಕ್ಟರು ಎರಡು ರಾತ್ರಿಯ ಪ್ರಯಾಣ ಬೇಡವೇ ಬೇಡ ಎಂದಿದ್ದರು. "ಈ ಸಲ ವಿಮಾನದಲ್ಲಿ ಹೋಗೋಣ ಕಣ್ರೀ" ಎಂದಳು. ಇಲ್ಲ ಎನ್ನುವ ಹಾಗಿರಲಿಲ್ಲ, ಅವಳ ಮಂಡಿ ಕಣ್ಣೆದುರಿಗೇ ಊದಿಕೊಂಡಿತ್ತು. ಹೂಂ ಎನ್ನಲು ನಾಲಿಗೆ ಏಳಲಿಲ್ಲ. "ಹೋಗೋಣ. ಒಂದು ದೊಡ್ಡ ಮಾನಿಟರ್ ತಗೊಂಡು ಸ್ವಲ್ಪ ಸರಿಯಾಗಿ ಅಭ್ಯಾಸ ಮಾಡಿಕೊಂಡುಬಿಡ್ತೀನಿ. ಆಮೇಲೆ ಟಿಕೆಟ್ ತೆಗೆಯೋಣ" ಎಂದೆ. ಮಾತು ಬಾಯಿಂದ ಹೊರಬಿದ್ದಾಗ ಅದೆಷ್ಟು ಸಮಂಜಸವಾಗಿ ಕೇಳಿಸಿತೆಂದರೆ, ಅದು ನೆಪ ಎಂದು ನನಗೇ ಅನ್ನಿಸಲಿಲ್ಲ.

ಇನ್ನು ಮಾನಿಟರ್ ಆರಿಸಬೇಕಲ್ಲ. ನನಗೆ ಗೊತ್ತಿರುವ ವಿದ್ಯೆ ಒಂದೇ. ಹಸಿರು ದಾರ ಪೋಣಿಸಿ ಒಂದು ಫೈಲು ತೆರೆದೆ. ಎಡಗಡೆ ಟಿಪ್ಪಣಿ, ಬಲಗಡೆ ಕಾಗದಪತ್ರ, ಮೇಲೆ ದಪ್ಪ ಅಕ್ಷರದಲ್ಲಿ 'ವಿಷಯ: ಮನೆಯ ಕಂಪ್ಯೂಟರಿಗೆ ದೊಡ್ಡ ಮಾನಿಟರ್ ಖರೀದಿಸುವ ಕುರಿತು'. ಕನ್ನಡದಲ್ಲೇ ಬರೆದೆ, ಏಕೆಂದರೆ ನಮ್ಮ ಮನೆಯಲ್ಲಿ ಮಂಜೂರಾತಿ ಕೊಡುವ ಅಧಿಕಾರ ಇರುವುದು ವತ್ಸಲಾಳಿಗೆ. ಅವಳು ಇಂಗ್ಲಿಷಿನ ಫೈಲನ್ನು ತರಕಾರಿ ಬುಟ್ಟಿಯ ಕೆಳಗೆ ಇಟ್ಟುಬಿಡುವವಳು. ಸರ್ಕಾರಿ ಫೈಲಿನ ಗುಟ್ಟು ಹೊರಗಿನವರಿಗೆ ತಿಳಿಯದು. ಫೈಲು ಇರುವುದು ಕೆಲಸ ಆಗಲಿ ಎಂದು ನೀವು ತಿಳಿದಿದ್ದೀರಿ. ಕೆಲಸ ಆಗದಿದ್ದಾಗಲೂ ಕೆಲಸ ನಡೆಯುತ್ತಿದೆ ಎಂಬ ನೆಮ್ಮದಿ ಕೊಡುವುದು ಅದರ ನಿಜವಾದ ಉಪಯೋಗ. ಇನ್ನೊಂದು ವಿವರಣೆ ಕೇಳಿ ಹಿಂದಕ್ಕೆ ಕಳಿಸಿದರೆ ಹದಿನೈದು ದಿನ ನಿಶ್ಚಿಂತೆ. ಈ ಕಲೆಯಲ್ಲಿ ನನ್ನನ್ನು ಮೀರಿಸಿದವರು ನಮ್ಮ ಮಹಡಿಯಲ್ಲಿಲ್ಲ, ಜಂಬವಲ್ಲ.

ಇಪ್ಪತ್ತೇಳು ಇಂಚಿನದು ಸಾಕು ಎಂದು ಮೊದಲ ಪುಟದಲ್ಲಿ ಬರೆದೆ. ಎರಡನೆಯ ಪುಟ ಬರೆಯುವಾಗ, ಸಾಕಾಗದಿದ್ದರೆ? ಎಂಬ ಸಂಶಯ ಬಂತು. ಮೂವತ್ತೆರಡು ಇಂಚಿನದು, ಬಹಳ ಸ್ಪಷ್ಟವಾಗಿ ಕಾಣುವಂಥದ್ದು ನೋಡಿದೆ. ಅಷ್ಟು ಸ್ಪಷ್ಟ ಚಿತ್ರ ಬರೆಯಲು ಮಗಳ ಹಳೆಯ ಕಂಪ್ಯೂಟರಿಗೆ ಶಕ್ತಿ ಸಾಲದು, ವಿಮಾನ ಗಾಳಿಯಲ್ಲಿ ತಡವರಿಸಿ ತಡವರಿಸಿ ಹೋಗುತ್ತದೆ ಎಂದು ಯಾರೋ ಬರೆದಿದ್ದರು. ಗಾಳಿಯಲ್ಲಿ ತಡವರಿಸುವ ವಿಮಾನವನ್ನು ನೆನೆದೇ ನನ್ನ ಅಂಗೈ ಒದ್ದೆಯಾಯಿತು. ಮೂವತ್ನಾಲ್ಕು ಇಂಚಿನ ಬಾಗಿದ ಮಾನಿಟರ್ ಒಂದಿದೆ, ನಮ್ಮನ್ನು ಅಪ್ಪಿಕೊಳ್ಳುವ ಹಾಗೆ ಎರಡೂ ಬದಿ ಮುಂದಕ್ಕೆ ಬಂದಿರುತ್ತದೆ, ಹಾರಿಸುವವರಿಗೆ ಅದೇ ಸರಿ ಎಂದು ಎಲ್ಲರೂ ಹೇಳಿದರು. ಆದರೆ ಟ್ಯೂಬ್‌ಲೈಟಿನ ಬೆಳಕು ಅದರ ಬಾಗಿನಲ್ಲಿ ಬಿದ್ದರೆ? ಕತ್ತು ನೋವು ಬಂದರೆ? ಒಂದು ಬಗೆಯ ಪರದೆಯಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅದರ ಗುರುತು ಶಾಶ್ವತವಾಗಿ ಉಳಿದುಬಿಡುತ್ತದಂತೆ; ನಾನು ಟೇಕ್ ಆಫ್ ಮಾಡುವ ಮೊದಲು ಧೈರ್ಯ ಸಾಲದೆ ರನ್‌ವೇಯಲ್ಲೇ ಅರ್ಧ ಗಂಟೆ ನಿಲ್ಲುವವನು. ಪರದೆಯ ಒಂದು ಚುಕ್ಕೆ ಸತ್ತುಹೋಗಿ ಕಪ್ಪಾಗಿಬಿಟ್ಟರೆ, ಅದನ್ನು ಎದುರಿನಿಂದ ಬರುವ ಇನ್ನೊಂದು ವಿಮಾನ ಎಂದು ನಾನು ತಿಳಿದುಬಿಟ್ಟರೆ? ಮೂವತ್ತು ಪುಟವಾಯಿತು. ಆಫೀಸಿನಲ್ಲಿ ಫೈಲು ದಪ್ಪವಾದಷ್ಟೂ ನನಗೆ ನೆಮ್ಮದಿ. ಇದು ಮಾತ್ರ ದಪ್ಪವಾದಷ್ಟೂ ಎದೆ ಡವಡವ ಎನ್ನುತ್ತಿತ್ತು, ಏಕೆಂದರೆ ಗೋಡೆಯ ಕ್ಯಾಲೆಂಡರಿನಲ್ಲಿ ವತ್ಸಲಾ ಗೃಹಪ್ರವೇಶದ ದಿನಕ್ಕೆ ಕೆಂಪು ಸುತ್ತು ಹಾಕಿದ್ದಳು.

ಫೈಲು ವಾರಕ್ಕೊಮ್ಮೆ ಅವಳ ಮುಂದೆ ಹೋಗುತ್ತಿತ್ತು. ಮೊದಲು 'ನಡುಮನೆಯಲ್ಲಿರುವ ಟಿವಿಗೇ ಯಾಕೆ ಜೋಡಿಸಬಾರದು?' ಎಂದು ಬರೆದಳು. ಟಿವಿಯಲ್ಲಿ ನಾವು ಹಿಡಿ ತಿರುಗಿಸಿದ್ದು ಸ್ವಲ್ಪ ತಡವಾಗಿ ಕಾಣುತ್ತದೆ ಎಂದು ಎರಡು ಪುಟದ ಉತ್ತರ ಕೊಟ್ಟೆ. 'ಹಾಗಾದರೆ ಇಪ್ಪತ್ತೇಳು ತನ್ನಿ' ಎಂದು ಬರೆದಳು. ಅಂಗಡಿಗೆ ಹೋಗಿ ಖುದ್ದಾಗಿ ಪರಿಶೀಲಿಸುವುದು ಸೂಕ್ತ ಎಂದು ನಾನು ಬರೆದೆ. 'ಇವತ್ತೇ ಹೋಗಿ' ಎಂದು ಬಂತು. ಮೇಲಧಿಕಾರಿಗಳು ಇಷ್ಟು ಬೇಗ ಉತ್ತರ ಕೊಟ್ಟರೆ ಕೆಳಗಿನವರು ಉಸಿರಾಡುವುದು ಹೇಗೆ?

ಸರಿ, ಅಳತೆಪಟ್ಟಿ, ಫೈಲು, ಎರಡು ಕನ್ನಡಕ ಹಿಡಿದುಕೊಂಡು ಕಂಪ್ಯೂಟರ್ ಅಂಗಡಿಗಳೇ ತುಂಬಿರುವ ನೆಹರೂ ಪ್ಲೇಸಿಗೆ ಹೋದೆ. ಮೊದಲ ಮಹಡಿಯ ಒಂದು ಅಂಗಡಿ. ಮಾಲೀಕ ನನ್ನ ವಯಸ್ಸಿನವನೇ, ಕಣ್ಣಲ್ಲಿ ತಾಳ್ಮೆ ಇತ್ತು. ನಾನು ನಲವತ್ತು ನಿಮಿಷ ಪ್ರಶ್ನೆ ಕೇಳಿದೆ, ಆತ ಉತ್ತರ ಕೊಟ್ಟ, ನಾನು ಬರೆದುಕೊಂಡೆ. ಕೊನೆಗೆ, ಇದನ್ನೆಲ್ಲ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಸಹಿ ಹಾಕಿ ಕೊಡಿ ಭಯ್ಯಾ, ಇನ್ನೆರಡು ಅಂಗಡಿಯಿಂದಲೂ ಕೊಟೇಶನ್ ತರಬೇಕು ಎಂದೆ. "ಸರ್‌ಜೀ, ಯಾವ ಡಿಪಾರ್ಟ್‌ಮೆಂಟಿಗೆ?" ಎಂದು ಹಿಂದಿಯಲ್ಲಿ ಕೇಳಿದ. ಮನೆಗೆ ಎಂದೆ. ಅವನು ಫೈಲನ್ನೂ ನನ್ನನ್ನೂ ನೋಡಿ, "ಘರ್ ಮೇಂ ಭೀ ಟೆಂಡರ್?" ಎಂದು ನಿಟ್ಟುಸಿರು ಬಿಟ್ಟು, "ಛೋಡಿಯೇ, ಕೂತುಕೊಂಡು ನೋಡಿ" ಎನ್ನುತ್ತಾ ಆ ಬಾಗಿದ ಮಾನಿಟರಿನ ಮುಂದೆ ನನ್ನನ್ನು ಕೂರಿಸಿ ವಿಮಾನ ಹಾರಿಸುವ ಆಟ ಹಾಕಿದ. ಎತ್ತರದಲ್ಲಿ ಹಾರುತ್ತಿರುವ ವಿಮಾನ. ಎಡಕ್ಕೆ ನೋಡಿದೆ, ಆಕಾಶ. ಬಲಕ್ಕೆ ನೋಡಿದೆ, ಆಕಾಶ. ಕೆಳಗೆ ನೋಡಿದೆ, ಬಹಳ ಕೆಳಗೆ, ಬೂದು ಬಣ್ಣದ ನೆಲ. ನನ್ನ ಕಾಲ ಕೆಳಗಿನ ಅಂಗಡಿಯ ನೆಲ ಇಲ್ಲವಾಯಿತು. ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡು ಕಣ್ಣು ಮುಚ್ಚಿದೆ. ಬೆವರು ಕನ್ನಡಕದೊಳಗೆ ಇಳಿಯಿತು. "ಸರ್‌ಜೀ, ಆರಾಮಾಗಿ, ಪಾನೀ ಪೀಜಿಯೇ" ಎಂದು ಆತ ಗ್ಲಾಸು ಕೈಗೆ ಕೊಟ್ಟ. ಸೆಕೆ ಎಂದೆ. ಅಂಗಡಿಯಲ್ಲಿ ಏಸಿ ಓಡುತ್ತಿತ್ತು.

ಮೆಟ್ರೋದಲ್ಲಿ ಮನೆಗೆ ಬರುತ್ತಾ, ಇಷ್ಟು ದಿನ ನಾನು ನೋಡದೆ ಬಿಟ್ಟ ಸತ್ಯ ಎದುರಿನ ಸೀಟಿನಲ್ಲೇ ಕೂತು ನನ್ನನ್ನು ನೋಡುತ್ತಿತ್ತು. ಸಣ್ಣ ಪರದೆಯಲ್ಲಿ ಭಯ ಹೋಗುವುದಿಲ್ಲ ಎಂದು ದೊಡ್ಡದು ಬೇಕೆಂದೆ. ದೊಡ್ಡದರಲ್ಲಿ ಭಯ ಪೂರ್ತಿ ಅಳತೆಯಲ್ಲಿ ಎದುರಾಗುತ್ತದೆ. ನನಗೆ ಹತ್ತೊಂಬತ್ತು ಇಂಚಿನದೇ ಹಿತವಾಗಿತ್ತು, ಏಕೆಂದರೆ ಅದರಲ್ಲಿ ಇದು ಸುಳ್ಳು ಎಂದು ಗೊತ್ತಾಗುತ್ತಿತ್ತು. ಅಂದರೆ ಮೂವತ್ತು ಪುಟದಲ್ಲಿ ನಾನು ಮಾನಿಟರ್ ಆರಿಸುತ್ತಿರಲಿಲ್ಲ, ಮೀನಮೇಷ ಎಣಿಸುತ್ತಾ ದಿನ ತಳ್ಳುತ್ತಿದ್ದೆ. ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ಮನೆಗೆ ಬಂದು ಫೈಲಿನಲ್ಲಿ ಬರೆದದ್ದು ಇಷ್ಟು: 'ಖುದ್ದು ಪರಿಶೀಲಿಸಲಾಯಿತು. ಬಾಗಿದ ಪರದೆಯ ಹೊಳಪು ಕಣ್ಣಿಗೆ ಹಿತವೆನಿಸಲಿಲ್ಲ. ಇತರ ಮಾದರಿಗಳನ್ನು ನೋಡಬಹುದು.' ಹಳೆಯ ಕೈ, ಅಷ್ಟು ಸುಲಭವಾಗಿ ತಿರುಗುವುದಿಲ್ಲ.

ಮರುದಿನ ಫೈಲು ವಾಪಸು ಬಂತು. ಅದರಲ್ಲಿ ಎರಡೇ ಪದ: 'ದಯವಿಟ್ಟು ಮಾತನಾಡಿ.' ಆಫೀಸಿನಲ್ಲಿ ಇದನ್ನು ನೋಡಿದರೆ ಯಾರಿಗಾದರೂ ಕೈಕಾಲು ತಣ್ಣಗಾಗಬೇಕು. ಬರವಣಿಗೆಯಲ್ಲಿ ಹೇಳಲಾಗದ್ದನ್ನು ಮುಖಕ್ಕೆ ಹೇಳಬೇಕಾದಾಗ ದೊಡ್ಡವರು ಬರೆಯುವ ಮಾತು ಅದು. ಅವಳಿಗೆ ಇದನ್ನು ಕಲಿಸಿದವನು ನಾನೇ. ಸಂಜೆ ಕಾಫಿಯ ಹೊತ್ತಿಗೆ ಆಫೀಸಿನ ಕಷ್ಟ ಹೇಳಿಕೊಂಡು ಹೇಳಿಕೊಂಡು ಕಲಿಸಿದ್ದೆ. ಅವಳು ಮಂಚದ ಮೇಲೆ ಕಾಲು ಚಾಚಿ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಳು. "ಕೂತ್ಕೊಳ್ಳಿ" ಎಂದಳು. ಕೂತೆ. "ನೋಡಿ, ನಾನು ಬೇಜಾರು ಮಾಡ್ಕೊಂಡು ಹೇಳ್ತಿಲ್ಲ. ನನಗೆ ಎಲ್ಲಾ ಗೊತ್ತು. ಮದುವೆಯಾದ ವರ್ಷದಿಂದ ಗೊತ್ತು. ಅದಕ್ಕೇ ಇಷ್ಟು ವರ್ಷ ನಾನೂ ರೈಲೇ ಚೆನ್ನ ಅಂದೆ. ಈಗ ನನ್ನ ಕೈಲಾಗಲ್ಲ ಕಣ್ರೀ. ನೀವು ಎರಡು ದಿನ ಮುಂಚೆ ರೈಲು ಹತ್ತಿ. ನಾನು ವಿಮಾನದಲ್ಲಿ ಬರ್ತೀನಿ. ಮೋಹನನ ಮನೇಲಿ ಸಿಗೋಣ." ಆ ಹೊತ್ತಿಗೆ ಸರಿಯಾಗಿ ಒಂದು ವಿಮಾನ ಬಂತು. ನಾನು ಕಣ್ಣು ಮುಚ್ಚಿದೆ. ಅವಳು ಕಾದಳು.

ಮುಚ್ಚಿದ ಕಣ್ಣಿಗೆ ಭೋಪಾಲ್ ಸ್ಟೇಷನ್ ಕಾಣಿಸಿತು. ಬಾಟಲಿಗೆ ನೀರು ತುಂಬಿಸಿಕೊಂಡು ತಿರುಗುತ್ತೇನೆ, ಬಾಗಿಲಲ್ಲಿ ಯಾರೂ ಇಲ್ಲ. ಸಾಕು ಬನ್ರೀ ಎನ್ನುವವರಿಲ್ಲ. ನಾನು ಇಡೀ ಎರಡು ರಾತ್ರಿ ಬರ್ತಿನಲ್ಲಿ ಮಲಗಿ, ಅವಳು ಹತ್ತಿದಳೋ, ಇಳಿದಳೋ, ಮೇಲೆ ಅವಳ ವಿಮಾನ ಎಲ್ಲಿ ಹೋಗುತ್ತಿದೆಯೋ ಎಂದು ಬೋಗಿಯ ಸೂರು ನೋಡುತ್ತಾ ಇರಬೇಕು. ನಾನು ವಿಮಾನದಲ್ಲಿ ಕೂತರೆ ಆಗುವ ಭಯಕ್ಕಿಂತ ಅವಳೊಬ್ಬಳನ್ನೇ ಕೂರಿಸುವ ಭಯ ದೊಡ್ಡದು ಎಂದು ಅನ್ನಿಸಿತು. ಎರಡನ್ನೂ ಅಕ್ಕಪಕ್ಕ ಇಟ್ಟು ತುಲನಾಪಟ್ಟಿ ಮಾಡಲು ಹೋಗಲಿಲ್ಲ. "ಎರಡು ಟಿಕೆಟ್ ತೆಗೆಸು" ಎಂದೆ. ದನಿ ನನ್ನದೇ ಆದರೂ ಯಾರೋ ಪಕ್ಕದ ಕೋಣೆಯಲ್ಲಿ ಹೇಳಿದಂತಿತ್ತು. ವತ್ಸಲಾ ಚೀಲವನ್ನು ಇನ್ನೊಂದು ಮಂಡಿಗೆ ಸರಿಸುತ್ತಾ, "ಹೋದ ವಾರಾನೇ ಅನಘಾ ಹತ್ರ ತೆಗೆಸಿದೀನಿ. ಎರಡೇ. ಕಿಟಕಿ ಪಕ್ಕದ್ದು ನಿಮಗೆ" ಎಂದಳು. ನಮ್ಮಲ್ಲಿ ಇದಕ್ಕೆ ಘಟನೋತ್ತರ ಮಂಜೂರಾತಿ ಎನ್ನುತ್ತಾರೆ. ಮೊದಲು ಮಾಡಿಬಿಡುವುದು, ಆಮೇಲೆ ಒಪ್ಪಿಗೆ ಪಡೆಯುವುದು. ಅದನ್ನೂ ನಾನೇ ಕಲಿಸಿದ್ದಿರಬೇಕು.

ಹೊರಡುವ ದಿನದವರೆಗೆ ನಾನು ಉಂಡದ್ದು ಮೈಗೆ ಹತ್ತಲಿಲ್ಲ ಎಂಬುದನ್ನು ವಿವರಿಸುವುದಿಲ್ಲ. ಬೆಳಗಿನ ವಿಮಾನ. ಅನಘಾ ಏರ್‌ಪೋರ್ಟಿನ ಬಾಗಿಲವರೆಗೆ ಬಂದು, "ಅಪ್ಪಾ, ಕುಛ್ ನಹೀಂ ಹೋಗಾ. ಅಮ್ಮನ್ನ ನೋಡ್ಕೋ, ಹಾಂ?" ಎಂದಳು. ಅಮ್ಮನನ್ನು ನಾನು ನೋಡಿಕೊಳ್ಳುವುದು ಹಾಗಿರಲಿ, ಅವಳು ಯಾವ ಸಾಲಿನಲ್ಲಿ ನಿಂತರೆ ನಾನೂ ಅಲ್ಲೇ ನಿಂತೆ. ಕಿಟಕಿಯ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡವನೇ ಕಣ್ಣು ಮುಚ್ಚಿದೆ. ಆಗ ನನ್ನ ಕೈಮೇಲೆ ಒಂದು ಕೈ ಬಿತ್ತು. ಸಮಾಧಾನ ಮಾಡುವ ಕೈಯಲ್ಲ ಅದು, ಹಿಡಿದುಕೊಳ್ಳುವ ಕೈ. ಐಸಿನಂತೆ ತಣ್ಣಗಿತ್ತು. ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಇಪ್ಪತ್ತಾರು ವರ್ಷ ನನ್ನ ಜೊತೆ ರೈಲಿನಲ್ಲಿ ಓಡಾಡಿದವಳು ತಾನಾದರೂ ವಿಮಾನ ಹತ್ತಿದ್ದು ಯಾವಾಗ? ಅವಳಿಗೂ ಇದೇ ಮೊದಲು! ನನ್ನ ಭಯದ ಆರೈಕೆಯಲ್ಲಿ ನನಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ನನ್ನಂಥವನನ್ನು ಏನನ್ನಬೇಕೋ ನೀವೇ ಹೇಳಿ.

ವಿಮಾನ ಓಡತೊಡಗಿತು. "ರೀ, ಯಾಕೆ ಹೀಗೆ ಗಡಗಡ ಅನ್ನುತ್ತೆ?" ಎಂದಳು. "ರನ್‌ವೇ ಉಬ್ಬುತಗ್ಗು, ಈಗ ನಿಲ್ಲುತ್ತೆ ನೋಡು" ಎಂದೆ. ನಿಂತಿತು. "ಅಯ್ಯೋ, ಕೆಳಗೆ ಏನೋ ಧಡ್ ಅಂತು!" "ಚಕ್ರ ಒಳಗೆ ಹೋಯ್ತು. ಹೋಗಲೇಬೇಕು." "ಎಂಜಿನ್ ಸದ್ದು ಕಡಿಮೆ ಆಯ್ತಲ್ಲ, ನಿಂತೋಯ್ತಾ?" "ಇಲ್ಲ ಕಣೆ. ಏಳುವಾಗ ಬೇಕಾದಷ್ಟು ಶಕ್ತಿ ಈಗ ಬೇಡ. ಅವರೇ ಕಡಿಮೆ ಮಾಡಿದರು." "ಈಗೇನೋ ಕುಯ್ ಅಂತಿದೆ." "ರೆಕ್ಕೆಯ ಹಲಗೆ ಒಳಗೆ ಸರಿತಿದೆ. ಇನ್ನು ಹತ್ತು ಎಣಿಸು, ಆಮೇಲೆ ಸದ್ದಿರಲ್ಲ." ಅವಳು ಎಣಿಸಿದಳು, ಸದ್ದು ನಿಂತಿತು. ನನ್ನ ದನಿ ನನಗೇ ಆಶ್ಚರ್ಯವಾಗುವಷ್ಟು ಸ್ಥಿರವಾಗಿತ್ತು. ಇದನ್ನೆಲ್ಲ ಎಲ್ಲಿ ಕಲಿತೆ ಎಂದರೆ, ಆ ಹಳೆಯ ಕಂಪ್ಯೂಟರಿನ ಪಕ್ಕದಲ್ಲಿ ಧೂಳು ಹಿಡಿದು ಕೂತಿದ್ದ ಎರಡು ಸಣ್ಣ ಸ್ಪೀಕರುಗಳಿಂದ. ಅವುಗಳ ಬಗ್ಗೆ ಮೂವತ್ತು ಪುಟದಲ್ಲಿ ಒಂದು ಸಾಲೂ ಬರೆದಿರಲಿಲ್ಲ. ಅವಳ ಕೈ ನಿಧಾನವಾಗಿ ಬೆಚ್ಚಗಾಯಿತು. ಆಮೇಲೆ ನನ್ನ ಮೇಲಿನಿಂದ ಬಾಗಿ ಕಿಟಕಿಯಲ್ಲಿ ನೋಡಿ, "ರೀ, ಎಷ್ಟು ಚೆನ್ನಾಗಿದೆ! ಹತ್ತಿ ಹಾಸಿದ ಹಾಗಿದೆ, ನೋಡ್ರೀ" ಎಂದಳು. "ಹೂಂ" ಎಂದೆ. ಬೆಂಗಳೂರಿನಲ್ಲಿ ಚಕ್ರ ನೆಲ ಮುಟ್ಟಿ, ವಿಮಾನ ನಿಂತು, ಎಲ್ಲರೂ ಎದ್ದು ಬ್ಯಾಗು ಇಳಿಸಿಕೊಳ್ಳುವವರೆಗೂ ನಾನು ಕಣ್ಣು ತೆರೆಯಲಿಲ್ಲ.

ಗೃಹಪ್ರವೇಶ ಚೆನ್ನಾಗಿಯೇ ಆಯಿತು. ಊಟಕ್ಕೆ ಕೂತಾಗ ಮೋಹನ, "ಭಾವ, ಕೊನೆಗೂ ವಿಮಾನ ಹತ್ತಿದಿರಂತೆ! ಹೇಗಿತ್ತು?" ಎಂದು ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ ಕೇಳಿದ. ಆ ಪ್ರಶ್ನೆಗೆ ಒಂದೇ ಪದದ ಉತ್ತರ ಸಾಕಿತ್ತು. ಆದರೆ ಅಷ್ಟು ಜನ ಎಲೆಯಿಂದ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ಹಾರಿ ಬಂದ ಹುರುಪು ಬೇರೆ. ವಿಂಧ್ಯದ ಬೆಟ್ಟಗಳು ಮೇಲಿನಿಂದ ಮಡಿಸಿಟ್ಟ ಕಂಬಳಿಯಂತೆ ಕಾಣುತ್ತವೆ ಎಂದೆ. ನರ್ಮದೆ ಬಿಸಿಲಿಗೆ ಹೊಳೆಯುತ್ತಾ ಎರಡು ಕಡೆ ತಿರುಗಿ ಹೋಗುವ ಜಾಗ ಹೇಳಿದೆ. ಮೋಡದ ನೆರಳು ಹೊಲಗಳ ಮೇಲೆ ಸರಿಯುವುದನ್ನು ಹೇಳಿದೆ. ಒಂದೂ ಸುಳ್ಳಲ್ಲ, ಎಲ್ಲವನ್ನೂ ಹತ್ತೊಂಬತ್ತು ಇಂಚಿನಲ್ಲಿ ಎಷ್ಟೋ ಸಲ ಕಂಡವನು ನಾನು. "ನಾನು ಎಷ್ಟೊಂದು ಸಲ ಹೋಗಿ ಬಂದಿದೀನಿ ಭಾವ, ಇಷ್ಟೆಲ್ಲಾ ನೋಡೇ ಇಲ್ಲ" ಎಂದು ಮೋಹನ ಬೆರಗಾದ. ಒಬ್ಬಟ್ಟು ಬಡಿಸುತ್ತಾ ಬಂದ ವತ್ಸಲಾ ನನ್ನ ಎಲೆಯ ಮುಂದೆ ಒಂದು ಕ್ಷಣ ನಿಂತಳು. ಎರಡು ಒಬ್ಬಟ್ಟು ಹಾಕಿ ಮುಂದೆ ಹೋದಳು.

ವಾಪಸು ಬಂದದ್ದೂ ವಿಮಾನದಲ್ಲೇ. ಅವಳು ನನ್ನ ಕೈ ಹಿಡಿಯಲಿಲ್ಲ, ನಿದ್ದೆ ಮಾಡಿದಳು. ಹಿಡಿದುಕೊಳ್ಳಲು ಕೈಯಿಲ್ಲದೆ ನಾನು ಸ್ವಲ್ಪ ಕಷ್ಟಪಟ್ಟೆ. ದೆಹಲಿಗೆ ಬಂದ ಎರಡನೆಯ ದಿನ ಬಟ್ಟೆ ಒಗೆದು, ಮನೆ ಒಂದು ಹದಕ್ಕೆ ಬಂದ ಮೇಲೆ, ಮಾನಿಟರಿನ ವಿಷಯ ಮತ್ತೆ ನೆನಪಾಯಿತು. ಈಗ ಧೈರ್ಯ ಬಂದಿದೆ, ಆ ಬಾಗಿದ ಪರದೆಯನ್ನೇ ತಂದುಬಿಡೋಣ ಎಂದು ಫೈಲು ತೆಗೆದೆ. ಅದು ಆಗಲೇ ನನಗಿಂತ ಮುಂದೆ ಹೋಗಿತ್ತು. ಬಲಗಡೆ ನಮ್ಮಿಬ್ಬರ ಬೋರ್ಡಿಂಗ್ ಪಾಸುಗಳನ್ನು ಹಸಿರು ದಾರಕ್ಕೆ ಪೋಣಿಸಲಾಗಿತ್ತು. ಎಡಗಡೆ ವತ್ಸಲಾಳ ದುಂಡು ಅಕ್ಷರದಲ್ಲಿ, ನನ್ನದೇ ಧಾಟಿಯಲ್ಲಿ, ಹೀಗೆ ಬರೆದಿತ್ತು: 'ಅರ್ಜಿದಾರರು ದೆಹಲಿಯಿಂದ ಬೆಂಗಳೂರಿನವರೆಗೆ ಕಣ್ಣು ಮುಚ್ಚಿಕೊಂಡೇ ವಿಂಧ್ಯ ಪರ್ವತ, ನರ್ಮದಾ ನದಿ ಹಾಗೂ ಮೋಡದ ನೆರಳು ಮುಂತಾದವನ್ನು ಸ್ಪಷ್ಟವಾಗಿ ಕಂಡಿರುತ್ತಾರೆ. ಆದ್ದರಿಂದ ಇವರಿಗೆ ದೊಡ್ಡ ಪರದೆಯ ಅಗತ್ಯ ಕಂಡುಬರುವುದಿಲ್ಲ. ಕಡತ ಮುಕ್ತಾಯಗೊಳಿಸಿ.'

ಏನಾದರೂ ವಿವರಣೆ ಕೇಳಿ ಹಿಂದಕ್ಕೆ ಕಳಿಸೋಣವೆಂದು ಪೆನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ಒಂದು ತಪ್ಪೂ ಸಿಗಲಿಲ್ಲ. 'ಆದೇಶದಂತೆ' ಎಂದು ಬರೆದು ಕೆಳಗೆ ಸಹಿ ಹಾಕಿದೆ. ಸಹಿ ಸ್ವಲ್ಪ ಓರೆಯಾಗಿ ಗೆರೆಯಿಂದ ಆಚೆ ಹೋಗಿದೆ. ಅದೇ ಹೊತ್ತಿಗೆ ನೀರಿನ ಟ್ಯಾಂಕಿನ ಮೇಲೆ ಒಂದು ವಿಮಾನ ಇಳಿಯುತ್ತಿತ್ತು. ನಾನು ಕಣ್ಣು ಮುಚ್ಚಿದ್ದೆ.